ಕಂಬವಿಲ್ಲದ ಗಾಡಿ

ಮಾಪ್ಸಾದ ಮಾರ್ಕೆಟ್ಟಿನ ಹಿಂದೆ, ಐಸ್ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು
ಗಾಡಿಗಳ ಸೀಟು ಹೊಲಿಯುವವನು ನಾನು.
ರೆಕ್ಸಿನ್ನು, ಫೋಮು, ಮೇಣ ಹಚ್ಚಿದ ದಾರ.
ಇಪ್ಪತ್ತೆರಡು ವರ್ಷದ ಉಪ್ಪುಗಾಳಿಗೆ
ನನ್ನ ಕತ್ತರಿಯಂತೆ ಗಜೇಂದ್ರಗಡದ ಮಾತಿಗೂ ತುಸು ತುಕ್ಕು.

ಎರ್ಮೆಲಿಂದಾ ಬಾಯಿಯ ಹೆರಾಲ್ಡು ಬಂದು ನಿಂತದ್ದು ಸೋಮವಾರ.
ಮಾಡು ಮಡಚಿದ ಗಾಡಿ,
ಹಾಲಿಗೆ ಒಂದೇ ಹನಿ ಚಹಾ ಬಿದ್ದ ಬಣ್ಣ.
ಹುಟ್ಟಿದಾಗ ಅದಕ್ಕೆ ಬೆಲ್ಟೇ ಇರಲಿಲ್ಲವಂತೆ;
ಆಗಿನವರು ಬೀಳುವುದಿದ್ದರೆ
ಟೋಪಿ ಹಿಡಿದುಕೊಂಡು ಬೀಳುತ್ತಿದ್ದರು.
ಮೊನ್ನೆ ಪಣಜಿಯ ಯಾರೋ ಹಾಕಿಕೊಟ್ಟಿದ್ದಾನೆ:
ಬೋಲ್ಟು ಭದ್ರ, ಬೆಸುಗೆ ಭದ್ರ, ಬಿಲ್ಲು ಇನ್ನೂ ಭದ್ರ.
ಆದರೂ, ನೋಡು, ಅಂದಳು.
ಕೂತಳು. ಬಲಭುಜದ ಹಿಂದೆ ಕೈ ಚಾಚಿ ತಡಕಿದಳು.
ಎಪ್ಪತ್ತೊಂದರ ಭುಜ ಅರ್ಧಕ್ಕೇ ನಿಂತಿತು.

ಬೇರೆ ಕಾರಿಗಾದರೆ ಬಾಗಿಲ ಬದಿಗೆ ಕಂಬ,
ಗೂಟಕ್ಕೆ ಹಗ್ಗದ ಹಾಗೆ ಕಂಬಕ್ಕೆ ಬೆಲ್ಟು.
ಮಾಡೇ ಇಲ್ಲದ್ದಕ್ಕೆ ಕಂಬ ಎಲ್ಲಿಂದ ತರಲಿ?
ನೆಲದಿಂದ ಹೊರಟ ಪಟ್ಟಿ ಭುಜದಿಂದ ಜಾರುತ್ತದೆ,
ಓಡುವಾಗ ಪಟಪಟ ಕಿವಿಗೆ ಬಡಿಯುತ್ತದೆ,
ಬಿಚ್ಚಿದೊಡನೆ ಸೀಟಿನ ಹಿಂದೆ ಸರಿದು
ಹಾವಿನಂತೆ ಸುತ್ತಿ ಮಲಗಿಬಿಡುತ್ತದೆ.

ನಾನೆಂದೆ: ಬೆಲ್ಟಿಗೆ ಸೂಜಿ ತಾಕಿಸುವುದಿಲ್ಲ, ಬಾಯಿ.
ಜೀವ ಹಿಡಿಯುವ ಪಟ್ಟಿ, ಒಂದು ತೂತಾದರೂ ಪಾಪ ನನಗೆ.
ಅದಕ್ಕೊಂದು ದಾರಿ ಮಾಡಿಕೊಡುತ್ತೇನೆ, ಅಷ್ಟೇ.

ಮರುದಿನ ಅವಳೇ ಚರ್ಮ ತಂದಳು.
ಅಲ್ಡೋನಾದ ಬ್ಯಾಂಡಿನಲ್ಲಿ ಅಣ್ಣ ಡೋಲು ಹೊತ್ತ ಪಟ್ಟಿ,
ಬೆವರು ಕುಡಿದು ಕುಡಿದು ಬೆಲ್ಲದಂತಾಗಿತ್ತು.
ಕ್ಯಾಲೆಂಡರಿನ ಜೂನ್ ತಿಂಗಳು ಹರಿದು ಅಳತೆ ತೆಗೆದೆ,
ನೆನೆಸಿದೆ, ಮರದ ತುಂಡಿಗೆ ಬಿಗಿದು ಬಾಗಿಸಿದೆ.
ಮೊದಲನೆಯ ಕುಣಿಕೆ ಬಿಗಿ, ಬೆಲ್ಟು ಒಳಗೆ ಎಳೆದುಕೊಳ್ಳಲಿಲ್ಲ.
ಎರಡನೆಯದು ಎಮ್ಮೆಯ ಕಿವಿ.
ಮೂರನೆಯದನ್ನು ಸೀಟಿನ ಒಳಕೊಳವೆಗೆ ಸ್ಕ್ರೂ ತಿರುಗಿಸಿ ನಿಲ್ಲಿಸಿ
ಬಾಯಿಗೆ ಟಿಚ್ ಬಟನ್ ಹಾಕಿದೆ.
ಬೆಲ್ಟು ಭುಜದ ಹತ್ತಿರ ಬಂದು
ಕರೆದರೆ ಓಗೊಡುವಷ್ಟು ದೂರದಲ್ಲಿ ನಿಂತಿತು.

ಎಡಗಡೆಗೂ ಮಾಡು, ಅಂದಳು.
ಎಡಗಡೆ ಯಾರು ಕೂರುತ್ತಾರೆ?
ಯಾರೂ ಇಲ್ಲ. ಶುಕ್ರವಾರ ಬಾಳೆಗೊನೆ.
ಅದೂ ಬೀಳಬಾರದಲ್ಲ.

ಗೊನೆಯ ಜಾಗದಲ್ಲಿ ನನ್ನನ್ನೇ ಕೂರಿಸಿ ಹೊರಟಳು ಪರೀಕ್ಷೆಗೆ.
ತಲೆಯ ಮೇಲೆ ತೆಂಗಿನ ಗರಿಗಳು ಹಿಂದಕ್ಕೆ ಓಡಿದವು,
ಕಿವಿಯ ಬಳಿ ಪಟಪಟ ಇಲ್ಲ.
ಇಗರ್ಜಿಯ ತಿರುವಿನಲ್ಲಿ ಹಂದಿಯೊಂದು, ಮರಿಗಳ ಸಾಲು ಸಮೇತ.
ಬಾಯಿ ಬ್ರೇಕು ಒತ್ತಿದ್ದೇ
ಚರ್ಮ ಕುಂಯ್ ಅಂದಿತು;
ಎದೆಯ ಮೇಲೆ ಯಾರೋ ಅಂಗೈ ಇಟ್ಟು
ತಡೀ, ಅಂದ ಹಾಗಾಯಿತು.
ಇಷ್ಟು ವರ್ಷ ಊರವರ ಸೀಟು ಹೊಲಿದಿದ್ದೇನೆ,
ಆ ಕೈ ನನಗೆ ತಗುಲಿದ್ದು ಅವತ್ತೇ.

ಸಂಜೆ ಅಂಗನವಾಡಿಯಿಂದ ಸಾವಂತ್ರಿಯನ್ನು ಸ್ಕೂಟರಿಗೆ ಹತ್ತಿಸಿದೆ.
ಕರಾಸವಾಡೆ ದಾಟುವುದರೊಳಗೆ ನಿದ್ದೆ ಹೋಗುತ್ತಾಳೆಂದು
ನೀಲವ್ವನ ಹಳೆ ಇಳಕಲ್ ಸೀರೆಯಿಂದ ನನ್ನ ಬೆನ್ನಿಗೆ ಕಟ್ಟುತ್ತೇನೆ ದಿನಾ,
ಗಂಟು ನನ್ನ ಹೊಟ್ಟೆಯ ಮೇಲೆ.
ಆ ಗಂಟನ್ನು ಅವತ್ತು ನೋಡಿದೆ, ಗಿರಾಕಿಯ ಗಾಡಿ ನೋಡುವಂತೆ.
ಸೀರೆ ಮೇಲೆ ಸರಿದು ಕೂಸಿನ ಕುತ್ತಿಗೆಗೆ ಬಂದಿತ್ತು.
ಎಷ್ಟು ದಿನದಿಂದ ಬರುತ್ತಿತ್ತೋ.

ಡೋಲಿನ ಪಟ್ಟಿ ಒಂದು ಗೇಣು ಉಳಿದಿತ್ತು.
ಸೊಂಟ ಸುತ್ತಲು ಸಾಲದು, ಕೇಳಿ ತರಲು ನಾಚಿಕೆ.
ರಾತ್ರಿ ಕೂತು ಕುಣಿಕೆಯೊಂದನ್ನು ಹೊಲಿದೆ,
ಸೀರೆಯನ್ನು ಅವಳ ಕಂಕುಳ ಕೆಳಗೇ ಹಿಡಿದಿಡುವಂಥದು.
ಇದು ಬೆಲ್ಟಲ್ಲ. ನನಗೆ ಗೊತ್ತು.
ನೀಲವ್ವನಿಗೂ ಗೊತ್ತು, ದೀಪ ಹಿಡಿದು ಸುಮ್ಮನೆ ನಿಂತಿದ್ದಳು.

ಈಗ ದಾರಿಯುದ್ದ ಬೆನ್ನ ಹಿಂದೆ
ಟಿಚ್, ಟಿಚ್.
ಬಿಚ್ಚಬ್ಯಾಡವಾ, ಅನ್ನುತ್ತೇನೆ ಗಾಳಿಯಲ್ಲಿ.
ಬಿಚ್ಚವಲ್ಲೆ ಅಪ್ಪಾ,
ತೆಂಗಿನಗಿಡ ಎಣಸಾಕತ್ತೇನಿ.